ಕಲ್ಲಚ್ಚಿನ ಚಿತ್ರಗಳು: ರಚನೆ, ಗುರುತು, ಬೆಲೆ

ಮುದ್ರಣವೆಂದೊಡನೆ ಸೀಸದ ಮೊಳೆಗಳು ನಮ್ಮ ಕಣ್ಣಮುಂದೆ ಬರುತ್ತವೆ. ಆದರೆ ಕನ್ನಡದ ಮೊದಲ ಪತ್ರಿಕೆಯು ಮೊಳೆಯಿಂದ ಅಚ್ಚಾದುದಲ್ಲ, ಕಲ್ಲಿನಿಂದ ಅಚ್ಚಾದುದು. 1841ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು 1843ನೆಯ ಜುಲೈ 1ರಂದು ಅಲ್ಲಿಂದಲೇ ಹೊರಬಿದ್ದಿತು.

ಮಂಗಳೂರಿನ ಮಾತು ಆಳಂದ, ಅಫಜಲಪುರ, ಜೇವರ್ಗಿಯ ವಿದ್ಯಾರ್ಥಿಗಳಿಗೇಕೆ ಎಂದು ವಾಚಕರು ಕೇಳಬಹುದು. ಕಲ್ಲಚ್ಚು ನಮ್ಮ ಮನೆಗಳಿಗೂ ಹೊರಗಿನದಲ್ಲ. ಅಜ್ಜಂದಿರ ಕಾಲದ ಲಕ್ಷ್ಮೀ, ಸರಸ್ವತಿ, ದತ್ತಾತ್ರೇಯರ ಬಣ್ಣದ ಪಟಗಳು, ನಿಜಾಮನ ಆಳಿಕೆಯ ಕಾಲದ ಉರ್ದು ಪುಸ್ತಕಗಳು, ಗಾಣಗಾಪುರದ ಭಕ್ತರು ಪಾರಾಯಣಕ್ಕೆ ಬಳಸುತ್ತಿದ್ದ ಅಡ್ಡಹಾಳೆಯ ಮರಾಠಿ ಪೋಥಿಗಳು, ಇವುಗಳಲ್ಲಿ ಎಷ್ಟೋ ಕಲ್ಲಿನ ಮಕ್ಕಳೇ. ಮನೆ ಕೆಡವಿ ಕಟ್ಟುವಾಗ ಇವು ತೂಕದ ಲೆಕ್ಕದಲ್ಲಿ ರದ್ದಿ ಅಂಗಡಿಗೆ ಹೋಗುತ್ತವೆ. ಗುರುತಿಲ್ಲದ ವಸ್ತುವಿಗೆ ಬೆಲೆಯಿಲ್ಲ. ಆದುದರಿಂದ ಇವನ್ನು ಗುರುತಿಸುವ ವಿದ್ಯೆಯನ್ನು ಸ್ವಲ್ಪಮಟ್ಟಿಗಾದರೂ ನಾವು ಕಲಿಯುವದು ಅವಶ್ಯ.

ಮೂಲತತ್ತ್ವ

ಈ ಕಲೆಯನ್ನು ಕಂಡುಹಿಡಿದವನು ಜರ್ಮನಿಯ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ (1771–1834). ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚುಹಾಕಬೇಕೆಂದು ಹವಣಿಸುತ್ತಿದ್ದ ಅವನಿಗೆ 18ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಈ ಉಪಾಯ ಹೊಳೆಯಿತು. ಎಣ್ಣೆ ನೀರು ಒಂದಕ್ಕೊಂದು ಕೂಡವು. ಇದಿಷ್ಟೇ ಇದರ ತಿರುಳು. ಅಕ್ಷರವನ್ನು ಉಬ್ಬಿಸಬೇಕಾಗಿಲ್ಲ, ತಗ್ಗು ಕೊರೆಯಬೇಕಾಗಿಲ್ಲ. ಕಲ್ಲು ಸಮತಲವಾಗಿಯೇ ಇರುತ್ತದೆ.

ಎಲ್ಲ ಕಲ್ಲೂ ಇದಕ್ಕೆ ಬರುವದಿಲ್ಲ. ಬವೇರಿಯಾದ ಸೋಲ್ನ್‌ಹೋಫೆನ್ನಿನ ನುಣುಪಾದ ಸುಣ್ಣಕಲ್ಲು ಲೋಕಪ್ರಸಿದ್ಧವಾಯಿತು. ಆಳಂದ, ಅಫಜಲಪುರಗಳ ಕಡೆಯ ಕಪ್ಪು ಕಲ್ಲು ಜ್ವಾಲಾಮುಖಿಯ ಲಾವಾದಿಂದಾದುದು. ಅದು ಸುಣ್ಣದ ಜಾತಿಯದಲ್ಲ, ಕೆಲಸಕ್ಕೆ ಬಾರದು. ನಮ್ಮ ಮನೆಗಳಲ್ಲಿ ಹಾಸಿರುವ ಶಹಾಬಾದದ ಫರಸಿಯಾದರೋ ಸುಣ್ಣಕಲ್ಲೇ. ಅದರ ಮೇಲೆ ನಿಂಬೆಹಣ್ಣಿನ ರಸದ ಹನಿ ಬಿಟ್ಟರೆ ಸಣ್ಣ ಗುಳ್ಳೆಗಳೇಳುವದನ್ನು ನೋಡಬಹುದು. ಆದರೆ ಪದರುಪದರಾಗಿ ಒಡೆಯುವ, ಗೆರೆಯಿರುವ ಕಲ್ಲು ಅಚ್ಚಿಗೆ ಸಾಲದು. ಒತ್ತಡವನ್ನು ತಾಳುವಷ್ಟು ದಪ್ಪವೂ, ಗೆರೆ-ಕಲೆಗಳಿಲ್ಲದ ಏಕರೂಪದ ಮೈಯೂ ಅದಕ್ಕೆ ಬೇಕು.

ಮಾಡುವ ಕ್ರಮ

ಮೊದಲು ಕಲ್ಲಿನ ಮೇಲೆ ಮರಳು ನೀರು ಹಾಕಿ ಇನ್ನೊಂದು ಕಲ್ಲಿನಿಂದ ತಿಕ್ಕಿ ಸಮ ಮಾಡುತ್ತಾರೆ. ಬರವಣಿಗೆಗೆ ಕನ್ನಡಿಯಂತಹ ನುಣುಪು ಬೇಕು. ಛಾಯೆಯ ಚಿತ್ರಕ್ಕೆ ಸ್ವಲ್ಪ ತರಿ ಉಳಿಸುತ್ತಾರೆ. ಮೇಣ, ಕೊಬ್ಬು, ಸಾಬೂನು, ಕಾಡಿಗೆಗಳನ್ನು ಕೂಡಿಸಿ ಮಾಡಿದ ಜಿಡ್ಡಿನ ಕಡ್ಡಿಯಿಂದಲೋ ಮಸಿಯಿಂದಲೋ ಚಿತ್ರ ಬರೆಯುತ್ತಾರೆ. ಅಚ್ಚು ತಿರುಗುಮುರುಗಾಗಿ ಬೀಳುವದರಿಂದ ಕಲ್ಲಿನ ಮೇಲೆ ಉಲ್ಟಾ ಬರೆಯಬೇಕು. ಇದನ್ನು ತಪ್ಪಿಸಲು ಲೇಪನ ಮಾಡಿದ ಕಾಗದದ ಮೇಲೆ ನೇರವಾಗಿ ಬರೆದು, ಆ ಬರಹವನ್ನು ಕಲ್ಲಿಗೆ ಇಳಿಸುವ ರೂಢಿಯೂ ಇತ್ತು. ಉರ್ದು ಪುಸ್ತಕಗಳ ಕಾತಿಬರು ಹೀಗೆಯೇ ಬರೆಯುತ್ತಿದ್ದರು. ಇಳಿಜಾರಾಗಿ ಹರಿಯುವ ನಸ್ತಾಲೀಖ್ ಲಿಪಿಯನ್ನು ಸೀಸದ ಮೊಳೆಗಳಲ್ಲಿ ಕೂಡಿಸುವದು ಬಹು ಕಷ್ಟ. ಆದುದರಿಂದಲೇ ಉರ್ದುವಿನಲ್ಲಿ ಕಲ್ಲಚ್ಚು ಬಹುಕಾಲ ಬಾಳಿತು.

ಬಳಿಕ ಗೋಂದಿನಲ್ಲಿ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿ ಕಲ್ಲಿಗೆ ಹಚ್ಚುತ್ತಾರೆ. ಇದರಿಂದ ಬರೆಯದ ಭಾಗವು ನೀರನ್ನು ಹಿಡಿಯುವ ಗುಣ ಪಡೆಯುತ್ತದೆ. ಬರೆದ ಭಾಗದ ಜಿಡ್ಡು ಕಲ್ಲಿನಲ್ಲಿ ನೆಲೆಸುತ್ತದೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಜಿಡ್ಡಿನ ಶಾಯಿಯ ಉರುಳೆಯನ್ನು ಉರುಳಿಸಿದರೆ, ನೀರಿರುವಲ್ಲಿ ಶಾಯಿ ಹತ್ತುವದಿಲ್ಲ, ಚಿತ್ರವಿರುವಲ್ಲಿ ಹತ್ತುತ್ತದೆ. ಕಾಗದವಿಟ್ಟು ಯಂತ್ರದಲ್ಲಿ ಒತ್ತಿದರೆ ಅಚ್ಚು ಸಿದ್ಧ.

ಬಣ್ಣದ ಪಟವಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಎಂಟು ಬಣ್ಣದ ಒಂದು ಸಾವಿರ ಪಟಗಳಿಗೆ ಎಂಟು ಸಾವಿರ ಸಲ ಒತ್ತಬೇಕು. ಪ್ರತಿಸಲವೂ ಕಾಗದವು ಕೂದಲೆಳೆಯಷ್ಟೂ ಸರಿಯಕೂಡದು. ಇಂತಹ ಪಟಕ್ಕೆ ವಾರ್ನಿಷ್ ಹಚ್ಚಿ ತೈಲಚಿತ್ರದ ಹೊಳಪು ಕೊಟ್ಟರೆ ಅದು ಓಲಿಯೋಗ್ರಾಫ್ ಎನಿಸುತ್ತದೆ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ಅರಮನೆಯ ಚಿತ್ರಗಳನ್ನು ಬಡವನ ಗೋಡೆಗೂ ತಲುಪಿಸಿದನು. ಅದು ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನ ಕೈ ಸೇರಿತು. 1972ರಲ್ಲಿ ಬೆಂಕಿಗೆ ಆಹುತಿಯಾಯಿತು.

ಗುರುತಿಸುವ ಬಗೆ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯೊಂದಿದ್ದರೆ ಸಾಕು. ಮೊದಲನೆಯದಾಗಿ, ಕಾಗದದ ಮೈಯನ್ನು ಓರೆಬೆಳಕಿನಲ್ಲಿ ನೋಡಬೇಕು. ಮೊಳೆಯ ಅಚ್ಚು ಕಾಗದವನ್ನು ಒತ್ತಿ ತಗ್ಗು ಮಾಡಿರುತ್ತದೆ. ತಾಮ್ರಪಟದ ಅಚ್ಚಿನ ಸುತ್ತ ಪಟದ ಅಂಚಿನ ಗುರುತು ಬಿದ್ದು ಶಾಯಿ ತುಸು ಉಬ್ಬಿರುತ್ತದೆ. ಕಲ್ಲಚ್ಚಿನಲ್ಲಿ ಸಾಮಾನ್ಯವಾಗಿ ಇವೆರಡೂ ಇಲ್ಲ; ಶಾಯಿ ಸಮವಾಗಿ ಕೂತಿರುತ್ತದೆ.

ಆದರೆ ಇಂದಿನ ಆಫ್‌ಸೆಟ್ ಮುದ್ರಣವೂ ಸಮತಲದ್ದೇ. ಆದುದರಿಂದ ಎರಡನೆಯದಾಗಿ ಚುಕ್ಕೆಗಳನ್ನು ಪರೀಕ್ಷಿಸಬೇಕು. ಆಫ್‌ಸೆಟ್ಟಿನ ಬಣ್ಣದ ಚಿತ್ರದಲ್ಲಿ ಚುಕ್ಕೆಗಳು ಅಳೆದಿಟ್ಟಂತೆ ಸಾಲಾಗಿ, ಸಣ್ಣ ಹೂವಿನ ಆಕಾರದಲ್ಲಿ ಕಾಣುತ್ತವೆ. ಹಳೆಯ ಪಟದಲ್ಲಿ ಚುಕ್ಕೆಗಳು ಕೈಯಿಂದ ಇಟ್ಟವು: ಒಂದು ದೊಡ್ಡದು, ಒಂದು ಚಿಕ್ಕದು, ಸಾಲು ಡೊಂಕು. ಕಡ್ಡಿಯಿಂದ ಬರೆದಲ್ಲಿ ಕಲ್ಲಿನ ತರಿಯೇ ಮೂಡಿರುತ್ತದೆ.

ಮೂರನೆಯದಾಗಿ ಅಂಚಿನ ಬರಹ. ರವಿವರ್ಮ ಪ್ರೆಸ್ಸಿನ ಹೆಸರು, ಊರಿನ ಹೆಸರು, ಕೆಲವೊಮ್ಮೆ ‘ಜರ್ಮನಿಯಲ್ಲಿ ಮುದ್ರಿತ’ ಎಂಬ ಇಂಗ್ಲಿಷ್ ಒಕ್ಕಣೆ ಅಲ್ಲಿರುತ್ತದೆ. ಉರ್ದು ಪುಸ್ತಕಗಳಲ್ಲಿ ಮುಖಪುಟವನ್ನೂ ಕೊನೆಯ ಪುಟವನ್ನೂ ನೋಡಬೇಕು. ‘ಮತ್ಬಾ’ ಎಂಬುದರ ಮುಂದೆ ಮುದ್ರಣಾಲಯದ ಹೆಸರು, ಹಿಜರಿ ವರ್ಷ, ಒಮ್ಮೊಮ್ಮೆ ಕಾತಿಬನ ಹೆಸರು ಸಿಗುತ್ತವೆ. ಒಂದೇ ಅಕ್ಷರವು ಒಂದೇ ಪುಟದಲ್ಲಿ ಬೇರೆಬೇರೆ ರೂಪದಲ್ಲಿದ್ದರೆ ಅದು ಕೈಬರಹದಿಂದ ಇಳಿದುದೆಂದು ತಿಳಿಯಬಹುದು. ಮರಾಠಿ ಪೋಥಿಗೂ ಇದೇ ಪರೀಕ್ಷೆ. ಮುಂಬಯಿಯ ಗಣಪತ ಕೃಷ್ಣಾಜಿಯವರು 1831ರಲ್ಲಿಯೇ ಕಲ್ಲಚ್ಚಿನಲ್ಲಿ ಪಂಚಾಂಗ ಮುದ್ರಿಸಿದ್ದರು.

ಬೆಲೆ ಕಟ್ಟುವ ಬಗೆ

ಹಳೆಯದಾದುದೆಲ್ಲ ಬೆಲೆಯುಳ್ಳದ್ದೆಂಬುದು ತಪ್ಪು ಕಲ್ಪನೆ. ಸಾವಿರಗಟ್ಟಲೆ ಅಚ್ಚಾದ ಪಟವು ನೂರು ವರ್ಷದ್ದಾದರೂ ಸುಲಭವಾಗಿ ಸಿಕ್ಕೀತು. ಬೆಲೆಯನ್ನು ನಿರ್ಣಯಿಸುವವು ಇವು: ಮೊದಲ ಕಾಲದ ಮುದ್ರಣವೋ ಹಿಂದಿನಿಂದ ಬಂದ ಮರುಮುದ್ರಣವೋ, ಅದೇ ಪಟದ ಎಷ್ಟು ಪ್ರತಿಗಳು ಉಳಿದಿವೆ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೋ, ಅಂಚು ಪೂರ್ಣವಾಗಿದೆಯೋ, ಕಾಗದದ ಸ್ಥಿತಿ ಹೇಗಿದೆ. ಕಟ್ಟು ಹಾಕುವವನು ಚೌಕಟ್ಟಿಗೆ ಹೊಂದಲೆಂದು ಅಂಚು ಕತ್ತರಿಸಿದರೆ ಮುದ್ರಣಾಲಯದ ಹೆಸರೂ ಹೋಯಿತು, ಅರ್ಧ ಬೆಲೆಯೂ ಹೋಯಿತೆಂದೇ ತಿಳಿಯಬೇಕು. ಹಿಂದೆ ಬಡಿದ ಮರದ ಹಲಗೆಯಿಂದ ಕಾಗದ ಕಂದುತ್ತದೆ. ಬಿಸಿಲಿನಿಂದ ಬಣ್ಣ ಮಾಸುತ್ತದೆ. ಪ್ಲಾಸ್ಟಿಕ್ ಹಾಳೆ ಕಾಯಿಸಿ ಅಂಟಿಸಿದರೆ ಮತ್ತೆ ಬಿಡಿಸಲು ಬಾರದು.

ಪೇಟೆಯ ಬೆಲೆಗಿಂತ ಭಿನ್ನವಾದ ಇನ್ನೊಂದು ಬೆಲೆಯಿದೆ. ಒಂದು ದತ್ತಾತ್ರೇಯನ ಪಟವನ್ನು ಯಾರು, ಯಾವ ಜಾತ್ರೆಯಲ್ಲಿ, ಯಾವ ಕಾಲದಲ್ಲಿ ಕೊಂಡು ತಂದರೆಂಬುದು ತಿಳಿದರೆ, ಆ ಪಟವು ಒಂದು ಊರಿನ ಚರಿತ್ರೆಯ ದಾಖಲೆಯಾಗುತ್ತದೆ. ಈ ಮಾತನ್ನು ವ್ಯಾಪಾರಿ ಹೇಳಲಾರ. ಮನೆಯ ಹಿರಿಯರು ಮಾತ್ರ ಹೇಳಬಲ್ಲರು. ಅವರಾದರೋ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬಿನ್ನಹ. ಬರುವ ರಜೆಯಲ್ಲಿ ನಿಮ್ಮ ಮನೆಯ ದೇವರ ಜಗಲಿಯನ್ನೂ ಅಟ್ಟದ ಪೆಟ್ಟಿಗೆಯನ್ನೂ ಒಮ್ಮೆ ನೋಡಿರಿ. ಸಿಕ್ಕ ಪಟದ ಅಥವಾ ಪುಸ್ತಕದ ಅಳತೆ, ಅಂಚಿನ ಬರಹ, ಹಿರಿಯರು ಹೇಳಿದ ಮಾತು, ಇವನ್ನು ಬೇರೆ ಹಾಳೆಯಲ್ಲಿ ಬರೆದಿಡಿರಿ. ಮೊಬೈಲಿನಲ್ಲಿ ಛಾಯಾಚಿತ್ರ ತೆಗೆಯಿರಿ. ವಸ್ತುವು ಆ ಮನೆಯಲ್ಲಿಯೇ ಇರಲಿ. ಮೂರು ತಾಲೂಕುಗಳ ಇಂತಹ ಯಾದಿಯೊಂದು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಿದ್ಧವಾದರೆ, ರದ್ದಿಯ ತಕ್ಕಡಿಗೆ ಬೀಳಲಿರುವ ಎಷ್ಟೋ ಕಲ್ಲಚ್ಚುಗಳು ಉಳಿದಾವು.