ಮೊದಲು ರಕ್ತ ನಿಲ್ಲಬೇಕು

ಹೌಸ್ ಸರ್ಜನ್ಸಿ ಶುರುವಾದದ್ದು ಸಂತೋಷ ಕಣಮ್ಮ. ಆದರೆ ಲ್ಯುಕೇಮಿಯಾ ವಾರ್ಡಿನಲ್ಲಿ ಪ್ಲೇಟ್‌ಲೆಟ್ ಚೀಲಕ್ಕಾಗಿ ಬ್ಲಡ್ ಬ್ಯಾಂಕಿಗೆ ಅಲೆಯುವುದೇ ಆಯಿತು, ಕಲಿಯುವುದೇನಿಲ್ಲ ಎಂದು ಗೊಣಗಿದೆಯಲ್ಲ, ಅದು ನನಗೆ ಸರಿಬರಲಿಲ್ಲ. ಆ ಹಳದಿ ಚೀಲದ ಹಿಂದೆ ಎಮಿಲ್ ಫ್ರೈರೈಕ್ ಎಂಬ ವೈದ್ಯರ ಹಟವಿದೆ.

1955ರಲ್ಲಿ ಅವರು ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಸೇರಿದಾಗ, ಲ್ಯುಕೇಮಿಯಾ ಬಂದ ಮಗು ಉಳಿಯುತ್ತದೆಂಬ ಆಸೆ ಯಾರಿಗೂ ಇರಲಿಲ್ಲ. ಮೂಗು, ಒಸಡು, ಕರುಳು, ಎಲ್ಲೆಲ್ಲಿಂದಲೂ ರಕ್ತ. ಬಿಳಿ ಉಡುಪಿನಲ್ಲಿ ಬಂದ ನರ್ಸ್‌ಗಳು ಮೈಯೆಲ್ಲ ರಕ್ತದ ಕಲೆಯಾಗಿ ಮನೆಗೆ ಹೋಗುತ್ತಿದ್ದರು. ಕ್ಯಾನ್ಸರಿನ ಔಷಧ ಹತ್ತುವಷ್ಟರಲ್ಲಿ ಮಗುವೇ ಇರುತ್ತಿರಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವುದೇನೋ ಆ ಮಕ್ಕಳ ಮೈಯಲ್ಲಿದೆ ಎಂದು ಹಿರಿಯರು ನಂಬಿದ್ದರು. ಫ್ರೈರೈಕ್ ತಮ್ಮದೇ ರಕ್ತವನ್ನು ರೋಗಿಯ ರಕ್ತಕ್ಕೆ ಬೆರೆಸಿ ನೋಡಿದರು. ಹೆಪ್ಪುಗಟ್ಟಿತು! ತಡೆಯುವುದೇನಾದರೂ ಇದ್ದಿದ್ದರೆ ಹೆಪ್ಪುಗಟ್ಟಬಾರದಿತ್ತಲ್ಲ? ಇದ್ದದ್ದು ಪ್ಲೇಟ್‌ಲೆಟ್ ಕೊರತೆ. ಅದುವರೆಗೆ ಕೊಟ್ಟ ರಕ್ತವೇಕೆ ಉಪಯೋಗಕ್ಕೆ ಬರಲಿಲ್ಲ ಅಂದರೆ, ಅದು ದಾಸ್ತಾನಿನ ರಕ್ತ. ಎರಡು ದಿನ ಕಳೆದರೆ ಅದರಲ್ಲಿನ ಪ್ಲೇಟ್‌ಲೆಟ್ ಕೆಲಸಕ್ಕೆ ಬಾರದು. ತಾಜಾ ರಕ್ತ ಕೊಟ್ಟರು, ಸ್ರಾವ ನಿಂತಿತು. ಅದಕ್ಕೇ ನೀನೂ ರೌಂಡ್ಸ್‌ನಲ್ಲಿ ಒಂದೊಂದು ಹಾಸಿಗೆಯ ಮುಂದೆ ನಿಂತಾಗಲೂ ಕೇಳಿಕೋ: ಈ ಜೀವಕ್ಕೆ ಇವತ್ತಿನ ಕುತ್ತು ಯಾವುದು? ರೋಗದ ಹೆಸರು ಕೇಸ್ ಶೀಟಿನಲ್ಲಿರುತ್ತದೆ, ಇದು ಇರುವುದಿಲ್ಲ.

ಎಷ್ಟು ಪ್ಲೇಟ್‌ಲೆಟ್ ಇದ್ದರೆ ಎಷ್ಟು ರಕ್ತ ಹೋಗುತ್ತದೆಂದು ಅವರ ತಂಡ ಲೆಕ್ಕ ಇಟ್ಟು 1962ರಲ್ಲಿ ಪ್ರಕಟಿಸಿತು. ಕೌಂಟ್ ಇಪ್ಪತ್ತು ಸಾವಿರಕ್ಕಿಂತ ಇಳಿದರೆ ಪ್ಲೇಟ್‌ಲೆಟ್ ಕೊಡುವ ಗಡಿ ರೂಢಿಗೆ ಬಂದದ್ದು ಆಮೇಲೆ. ಡೆಂಗಿ ಕಾಲದಲ್ಲಿ ಬರೀ ಕೌಂಟ್ ಕೇಳಿ ಚೀಲಕ್ಕೆ ಓಡುವ ಮನೆಮಂದಿಗೆ ನೀನು ಸಮಾಧಾನವಾಗಿ ತಿಳಿಹೇಳಬೇಕಾದದ್ದು ಇಷ್ಟೇ: ಸಂಖ್ಯೆಯ ಜೊತೆ ರೋಗಿಯನ್ನೂ ನೋಡಬೇಕು.

ಸ್ರಾವ ಹತೋಟಿಗೆ ಬಂದ ಮೇಲೆ ಅವರಿಗೂ ಜೊತೆಗಾರ ಎಮಿಲ್ ಫ್ರೈಗೂ ನಾಲ್ಕು ಔಷಧ ಒಟ್ಟಿಗೆ ಕೊಡುವ ಧೈರ್ಯ ಬಂತು. ಅದರಲ್ಲೊಂದು ನಮ್ಮ ಹಿತ್ತಿಲ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್. ಮಕ್ಕಳಿಗೆ ನಾಲ್ಕನ್ನೂ ಒಟ್ಟಿಗೆ ಕೊಡುವುದು ಕ್ರೌರ್ಯವೆಂದು ಜರೆದವರಿದ್ದರು. ಆದರೆ ಮಕ್ಕಳಿಗೆ ಹೆಚ್ಚಾಗಿ ಬರುವ ಲ್ಯುಕೇಮಿಯಾದಲ್ಲಿ ಇಂದು ಒಳ್ಳೆಯ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ಉಳಿಯುತ್ತಾರೆ.

ಇನ್ನು ರಕ್ತದ ಕಣಗಳನ್ನು ಬೇರ್ಪಡಿಸುವ ಯಂತ್ರಕ್ಕೆ ಫ್ರೈರೈಕ್ ಜೊತೆ ದುಡಿದದ್ದು ಐಬಿಎಂ ಎಂಜಿನಿಯರ್ ಜಾರ್ಜ್ ಜಡ್ಸನ್. ಜಡ್ಸನ್ ಮಗನಿಗೇ ಲ್ಯುಕೇಮಿಯಾ ಇತ್ತು. ಈಗ ದಾನಿಯ ತೋಳಿನಿಂದ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತ ಹಿಂದಿರುಗಿಸುವ ಯಂತ್ರಗಳು ಅದರ ವಂಶದವು.

ಬ್ಲಡ್ ಬ್ಯಾಂಕಿನಲ್ಲಿ ಚೀಲಗಳು ಸದಾ ಅಲುಗಾಡುವ ತಟ್ಟೆಯ ಮೇಲಿರುವುದನ್ನು ನೋಡಿದ್ದೀಯಲ್ಲ? ಹಾಗಿಟ್ಟರೂ ಅವುಗಳ ಆಯುಸ್ಸು ಸಾಮಾನ್ಯವಾಗಿ ಐದೇ ದಿನ, ಕೂಡಿಡಲಾಗದು. ಆದ್ದರಿಂದ ನಿನ್ನ ಬ್ಯಾಚಿನಲ್ಲಿ ಪ್ಲೇಟ್‌ಲೆಟ್ ಕೊಡಬಲ್ಲವರ ಹೆಸರು, ರಕ್ತದ ಗುಂಪು, ಫೋನ್ ನಂಬರ್ ಬರೆದು ಈ ವಾರವೇ ಬ್ಲಡ್ ಬ್ಯಾಂಕಿಗೆ ಕೊಡು. ಮೊದಲ ಹೆಸರು ನಿನ್ನದಿರಲಿ.