ಹಳೇ ಡಿಎಸ್‌ಗೆ ವೈಫೈ ಹಾಕುವ ಮುನ್ನ

ಬೀರುವಿನಲ್ಲಿದ್ದ ನಿಂಟೆಂಡೊ ಡಿಎಸ್ ಚಾರ್ಜ್ ಮಾಡಿದರೆ ಆನ್ ಆಗುತ್ತದೆ, ಮನೆಯ ವೈಫೈ ಮಾತ್ರ ಹಿಡಿಯುವುದಿಲ್ಲವೇ? ರಿಪೇರಿಗೆ ಒಯ್ಯುವ ಮುನ್ನ ಸ್ವಲ್ಪ ತಾಳಿ.

2004ರಲ್ಲಿ ಬಂದ ಡಿಎಸ್‌ಗೂ ಆಮೇಲಿನ ಡಿಎಸ್ ಲೈಟ್‌ಗೂ ಗೊತ್ತಿರುವುದು 2.4 ಗಿಗಾಹರ್ಟ್ಸ್ ಒಂದೇ. ಭದ್ರತೆಯಲ್ಲೂ ಎರಡೇ ದಾರಿ: ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕ್, ಇಲ್ಲವೇ ಹಳೆಯ ಡಬ್ಲ್ಯುಇಪಿ. ಇಂದಿನ ರೌಟರ್‌ಗಳ ಡಬ್ಲ್ಯುಪಿಎ2 ಅವಕ್ಕೆ ತಿಳಿಯದು. ಪಾಸ್‌ವರ್ಡ್ ಎಷ್ಟು ಸರಿಯಾಗಿ ಒತ್ತಿದರೂ ಅಷ್ಟೇ.

ಹಾಗೆಂದು ಇಡೀ ಮನೆಯ ವೈಫೈಯನ್ನು ಡಬ್ಲ್ಯುಇಪಿಗೆ ಇಳಿಸಬೇಡಿ. ಅದನ್ನು ಕೆಲವೇ ನಿಮಿಷಗಳಲ್ಲಿ ಭೇದಿಸಬಹುದು. ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಇದ್ದರೆ ಅದನ್ನಷ್ಟೇ ಪಾಸ್‌ವರ್ಡ್ ಇಲ್ಲದೆ ತೆರೆದು, ಆಟ ಮುಗಿದೊಡನೆ ಮುಚ್ಚಿ. ಫೋನಿನ ಹಾಟ್‌ಸ್ಪಾಟನ್ನು ಪಾಸ್‌ವರ್ಡ್ ಇಲ್ಲದೆ ಬಳಸಿಯೂ ನೋಡಬಹುದು, ಬ್ಯಾಂಡ್ 2.4ರಲ್ಲಿರಲಿ. ಆಮೇಲೆ ಆಫ್ ಮಾಡುವುದನ್ನು ಮರೆತರೆ ಡೇಟಾ ಯಾರದೋ ಪಾಲು!

ವೈಫೈ ಸೆಟ್ಟಿಂಗನ್ನು ಡಿಎಸ್‌ನ ಮುಖ್ಯ ಮೆನುವಿನಲ್ಲಿ ಹುಡುಕಬೇಡಿ. ಮಾರಿಯೋ ಕಾರ್ಟ್ ಡಿಎಸ್‌ನಂಥ ಆನ್‌ಲೈನ್ ಆಟದ ಕಾರ್ಟ್ರಿಜ್ ಹಾಕಿದರೆ, ಅದು ಆ ಆಟದ ಮೆನುವಿನೊಳಗೆ ಸಿಗುತ್ತದೆ.

ಇನ್ನೊಂದು ವಿಷಯ. ಈ ಆಟಗಳ ಅಧಿಕೃತ ಆನ್‌ಲೈನ್ ಸೇವೆ 2014ರ ಮೇ 20ರಂದೇ ನಿಂತಿತು. ಈಗ ಉಳಿದಿರುವುದು ಅಭಿಮಾನಿಗಳೇ ನಡೆಸುವ ಸರ್ವರ್‌ಗಳು. ಅವಕ್ಕೆ ಡಿಎನ್‌ಎಸ್ ವಿಳಾಸ ಬದಲಿಸಬೇಕು. ಪಕ್ಕದಲ್ಲೇ ಕೂತ ತಂಗಿಯ ಜೊತೆ ಆಡುವುದಾದರೆ ಈ ಯಾವ ರಗಳೆಯೂ ಬೇಡ: ಎರಡು ಡಿಎಸ್‌ಗಳು ರೌಟರ್ ಇಲ್ಲದೆಯೇ ನೇರವಾಗಿ ಮಾತಾಡಿಕೊಳ್ಳುತ್ತವೆ.