ಭಾರ ಇದ್ದವರಿಗೆ ಯಾವ ಬೋರ್ಡ್? ವೇಕ್‌ಸರ್ಫಿಂಗ್ ಕಲಿಸುವ ತೇಲುವಿಕೆಯ ಪಾಠ



ಒಂಬತ್ತನೇ ತರಗತಿಯಲ್ಲಿ ಪ್ಲವನತೆಯ ಪಾಠ ನಡೆಯುತ್ತಿತ್ತು. ಅಮೆರಿಕದ ಒಂದು ಸರೋವರದ ವಿಡಿಯೊ ತೋರಿಸಿದೆ. ಮುಂದೆ ಮೋಟಾರು ದೋಣಿ ಹೋಗುತ್ತಿದೆ. ಅದರ ಹಿಂದೆ ಏಳುವ ಅಲೆಯ ಮೇಲೆ ಒಬ್ಬರು ಪುಟ್ಟ ಬೋರ್ಡಿನ ಮೇಲೆ ನಿಂತು ಜಾರುತ್ತಿದ್ದಾರೆ. ಕೈಯಲ್ಲಿ ಹಗ್ಗವೂ ಇಲ್ಲ. ಈ ಆಟಕ್ಕೆ ವೇಕ್‌ಸರ್ಫಿಂಗ್ ಅಂತ ಹೆಸರು.

ತರಗತಿಯಲ್ಲಿ ಸ್ವಲ್ಪ ದಪ್ಪಗಿರುವ ಒಬ್ಬ ಹುಡುಗ ಕೇಳಿದ: "ಸರ್, ನಾನೂ ಹೀಗೆ ನಿಲ್ಲಬಹುದಾ?" ಹಿಂದಿನ ಬೆಂಚಿನಿಂದ ಒಬ್ಬ ತಟ್ಟನೆ, "ನೀನು ಹತ್ತಿದ್ರೆ ಬೋರ್ಡ್ ಸೀದಾ ಪಾತಾಳಕ್ಕೆ!" ಅಂದ. ಎಲ್ಲರೂ ನಕ್ಕರು. ಕೇಳಿದವನು ತಲೆ ತಗ್ಗಿಸಿದ.

ನಗುವುದು ಸುಲಭ, ಲೆಕ್ಕ ಹಾಕುವುದು ಸ್ವಲ್ಪ ಕಷ್ಟ. ಆ ದಿನ ನಾವು ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಕೊಡುತ್ತಿದ್ದೇನೆ.

ಮೊದಲ ಲೆಕ್ಕ: ನಿಂತಿರುವ ಬೋರ್ಡ್

ಆರ್ಕಿಮಿಡೀಸ್ ತತ್ವ ನಿಮಗೆ ಗೊತ್ತು. ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ. 1 ಲೀಟರ್ ನೀರಿನ ರಾಶಿ 1 ಕೆ.ಜಿ. ಆದ್ದರಿಂದ 30 ಲೀಟರ್ ಗಾತ್ರದ ಬೋರ್ಡ್ ಪೂರ್ತಿ ಮುಳುಗಿದರೂ ತನ್ನ ತೂಕವೂ ಸೇರಿ 30 ಕೆ.ಜಿ. ಮಾತ್ರ ಹೊರಬಲ್ಲದು.

ವೇಕ್‌ಸರ್ಫ್ ಬೋರ್ಡುಗಳು ಸಾಮಾನ್ಯವಾಗಿ 4ರಿಂದ 6 ಅಡಿ ಉದ್ದ ಇರುತ್ತವೆ. 5 ಅಡಿಯ ಒಂದು ಬೋರ್ಡ್ ತೆಗೆದುಕೊಳ್ಳೋಣ. ಉದ್ದ 152 ಸೆಂ.ಮೀ., ಅಗಲ 53 ಸೆಂ.ಮೀ., ದಪ್ಪ 5 ಸೆಂ.ಮೀ. ಗುಣಿಸಿದರೆ ಸುಮಾರು 40,000 ಘನ ಸೆಂ.ಮೀ., ಅಂದರೆ 40 ಲೀಟರ್. ಆದರೆ ಬೋರ್ಡಿನ ತುದಿ ದುಂಡಗೆ, ಅಂಚು ತೆಳ್ಳಗೆ ಇರುವುದರಿಂದ ಮುಕ್ಕಾಲು ಪಾಲು, 30 ಲೀಟರ್ ಅಂತ ಹಿಡಿಯೋಣ. ಬೋರ್ಡಿನ ರಾಶಿ 4 ಕೆ.ಜಿ. ಇರಲಿ.

95 ಕೆ.ಜಿ.ಯವರು ನಿಂತರೆ ಒಟ್ಟು 99 ಕೆ.ಜಿ. ಅದರಲ್ಲಿ 30 ಹೋದರೆ 69 ಕೆ.ಜಿ. ಹೊರಲು ಆಧಾರವಿಲ್ಲ. ಬೋರ್ಡ್ ಮುಳುಗುತ್ತದೆ.

"ನೋಡಿದ್ರಾ, ನಾನು ಹೇಳಿದ್ದೇ ಸರಿ!" ಅಂತ ಹಿಂದಿನ ಬೆಂಚಿನವನು ಎದ್ದ. "ಸರಿ, ಈಗ ನಿನ್ನ ಲೆಕ್ಕ ಹಾಕು" ಅಂದೆ. ಅವನು 50 ಕೆ.ಜಿ. ಬೋರ್ಡ್ ಸೇರಿ 54. ಅದರಲ್ಲಿ 30 ಹೋದರೆ 24. ಅವನೂ ಮುಳುಗಿದ! ಈಗ ನಗುವ ಸರದಿ ಬೇರೆಯವರದು.

ನಿಂತ ನೀರಿನಲ್ಲಿ ಈ ಬೋರ್ಡ್ ತೆಳ್ಳಗಿನವರನ್ನೂ ಹೊರುವುದಿಲ್ಲ, ದಪ್ಪಗಿನವರನ್ನೂ ಹೊರುವುದಿಲ್ಲ. ಹಾಗಾದರೆ ವಿಡಿಯೊದಲ್ಲಿ ಅವರು ನಿಂತದ್ದು ಹೇಗೆ?

ಎರಡನೇ ಲೆಕ್ಕ: ಓಡುವ ಬೋರ್ಡ್

ಚಪ್ಪಟೆ ಕಲ್ಲನ್ನು ಕೆರೆಯ ನೀರಿನ ಮೇಲೆ ಅಡ್ಡಲಾಗಿ ಬೀಸಿ ಎಸೆದಿದ್ದೀರಿ ತಾನೆ? ಕಲ್ಲು ನೀರಿಗಿಂತ ಭಾರ. ಆದರೂ ಪುಟಿಯುತ್ತಾ ಹೋಗುತ್ತದೆ. ವೇಗ ಕಡಿಮೆಯಾದ ಕೂಡಲೇ ಮುಳುಗುತ್ತದೆ. ಮಂಜೇಶ್ವರ, ಕಾಸರಗೋಡು ಕಡೆಯ ಮಕ್ಕಳು ಕಂಬಳದಲ್ಲಿ ಅಡ್ಡಹಲಗೆ ಓಟ ನೋಡಿರಬಹುದು. ಕೋಣಗಳು ಎಳೆಯುವ ಹಲಗೆಯ ಮೇಲೆ ಓಡಿಸುವವನು ನಿಂತಿರುತ್ತಾನೆ. ಹಲಗೆ ಕೆಸರುನೀರಿನ ಮೇಲೆ ಜಾರಿಕೊಂಡೇ ಹೋಗುತ್ತದೆ.

ಓರೆಯಾಗಿರುವ ಹಲಗೆ ವೇಗವಾಗಿ ಹೋಗುವಾಗ ನೀರನ್ನು ಕೆಳಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮದಂತೆ ನೀರು ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ. ಈ ಎತ್ತುಬಲ ಮೂರು ಸಂಗತಿಗಳನ್ನು ಅವಲಂಬಿಸಿದೆ:

1. ವೇಗ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.
2. ನೀರಿಗೆ ತಾಗುವ ವಿಸ್ತೀರ್ಣ.
3. ಬೋರ್ಡ್ ಎಷ್ಟು ಓರೆಯಾಗಿದೆ ಎಂಬುದು.

ವೇಕ್‌ಸರ್ಫಿಂಗ್‌ನಲ್ಲಿ ದೋಣಿಯ ವೇಗ ಸಾಮಾನ್ಯವಾಗಿ ಗಂಟೆಗೆ 16ರಿಂದ 19 ಕಿ.ಮೀ. ಅಲೆಯ ಆಕಾರ ಚೆನ್ನಾಗಿರಬೇಕಾದರೆ ಇದನ್ನು ಹೆಚ್ಚು ಬದಲಿಸುವಂತಿಲ್ಲ. ಹಾಗಾಗಿ ಮೊದಲನೆಯ ಸಂಗತಿ ನಮ್ಮ ಕೈಯಲ್ಲಿಲ್ಲ. ಉಳಿದದ್ದು ಓರೆ ಮತ್ತು ವಿಸ್ತೀರ್ಣ.

ಭಾರ ಇದ್ದವರು ಚಿಕ್ಕ ಬೋರ್ಡ್ ಹತ್ತಿದರೆ ಹಿಂಬದಿ ತಗ್ಗಿ ಮೂತಿ ಮೇಲಕ್ಕೇಳುತ್ತದೆ. ಓರೆ ಹೆಚ್ಚಾದ್ದರಿಂದ ಎತ್ತುಬಲವೇನೋ ಸಿಗುತ್ತದೆ, ಜೊತೆಗೆ ನೀರಿನ ತಡೆಯೂ ಹೆಚ್ಚುತ್ತದೆ. ಸವಾರನನ್ನು ಮುಂದಕ್ಕೆ ಒಯ್ಯುವುದು ಅಲೆಯ ಇಳಿಜಾರು. ಸೈಕಲ್ ಇಳಿಜಾರಿನಲ್ಲಿ ತಾನಾಗಿ ಹೋಗುವಂತೆ ಅವನು ಅಲೆಯ ಮೇಲೆ ಸದಾ ಕೆಳಕ್ಕೆ ಜಾರುತ್ತಿರುತ್ತಾನೆ. ಭಾರ ಹೆಚ್ಚಿದ್ದರೆ ಈ ಎಳೆತವೂ ಹೆಚ್ಚು. ಆದರೆ ತಡೆ ಅದನ್ನೂ ಮೀರಿದರೆ ಅಲೆ ಮುಂದೆ ಹೋಗುತ್ತದೆ, ಸವಾರ ಹಿಂದೆ ಉಳಿಯುತ್ತಾನೆ. ಹೊಸಬರು "ನನ್ನಿಂದ ಆಗಲ್ಲ" ಅಂತ ಕೈಬಿಡುವುದು ಹೆಚ್ಚಾಗಿ ಇಲ್ಲೇ. ತಪ್ಪು ಅವರದಲ್ಲದಿರಬಹುದು, ಬೋರ್ಡಿನದಿರಬಹುದು.

ಮೂರನೇ ಲೆಕ್ಕ: ದೊಡ್ಡ ಬೋರ್ಡ್ ಕೊಟ್ಟರೆ?

ಈಗ 5 ಅಡಿ 8 ಅಂಗುಲದ ಬೋರ್ಡ್ ಕೊಡೋಣ. ಉದ್ದ 173, ಅಗಲ 56, ದಪ್ಪ 6 ಸೆಂ.ಮೀ. ಹಿಂದಿನಂತೆಯೇ ಮುಕ್ಕಾಲು ಹಿಡಿದರೆ ಗಾತ್ರ ಸುಮಾರು 43 ಲೀಟರ್. ಬೋರ್ಡಿನ ರಾಶಿ 5 ಕೆ.ಜಿ. ಎಂದರೆ ಒಟ್ಟು 100. ಅದರಲ್ಲಿ 43 ಹೋದರೆ 57 ಕೆ.ಜಿ.

ಇದನ್ನು ವಿಸ್ತೀರ್ಣದ ಮೇಲೆ ಹಂಚಿ ನೋಡಿ. ಚಿಕ್ಕ ಬೋರ್ಡಿನಲ್ಲಿ ಉದ್ದ ಗುಣಿಸು ಅಗಲ 8,056 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ ಸುಮಾರು 8.6 ಗ್ರಾಂ ಹೊರೆ. ದೊಡ್ಡದರಲ್ಲಿ 9,688 ಚದರ ಸೆಂ.ಮೀ., ಹೊರೆ ಸುಮಾರು 5.9 ಗ್ರಾಂ. ಉದ್ದ ಕೇವಲ 8 ಅಂಗುಲ ಹೆಚ್ಚಿ, ಅಗಲ ಮತ್ತು ದಪ್ಪ ತುಸು ಹೆಚ್ಚಿದ್ದಕ್ಕೆ ಹೊರೆ ಶೇಕಡಾ 30ರಷ್ಟು ಇಳಿಯಿತು! ಓಡುವಾಗ ಬೋರ್ಡ್ ಪೂರ್ತಿ ಮುಳುಗಿರುವುದಿಲ್ಲ, ಆದ್ದರಿಂದ ಇದು ಅಂದಾಜು ಲೆಕ್ಕ. ಆದರೆ ಹೋಲಿಕೆಗೆ ಸಾಕು.

ಆಯ್ಕೆ ಮಾಡುವಾಗ ಏನು ನೋಡಬೇಕು?

ಗಾತ್ರ: ತಯಾರಕರು ಪ್ರತಿ ಬೋರ್ಡಿಗೂ ತೂಕದ ಮಿತಿ ಕೊಡುತ್ತಾರೆ, ಹೆಚ್ಚಾಗಿ ಪೌಂಡಿನಲ್ಲಿ. 220 ಪೌಂಡ್ ಅಂದರೆ ಸುಮಾರು 100 ಕೆ.ಜಿ. ಕಲಿಯುವವರ ತೂಕ ಆ ಮಿತಿಯ ಅಂಚಿನಲ್ಲಿರಬಾರದು, ಸಾಕಷ್ಟು ಒಳಗಿರಬೇಕು.

ಬಗೆ: ಸರ್ಫ್ ಮಾದರಿ, ಸ್ಕಿಮ್ ಮಾದರಿ ಎಂದು ಮುಖ್ಯವಾಗಿ ಎರಡು ಬಗೆ. ಸ್ಕಿಮ್ ಬೋರ್ಡ್ ತೆಳ್ಳಗೆ, ಅದರ ಕೆಳಗಿನ ರೆಕ್ಕೆಗಳು (ಫಿನ್) ಚಿಕ್ಕವು. ಗಿರಗಿರ ತಿರುಗಲು ಅದು ಚೆನ್ನ. ಸರ್ಫ್ ಮಾದರಿ ದಪ್ಪ, ಫಿನ್ ದೊಡ್ಡವು. ಅದು ನೇರವಾಗಿ, ಅಲ್ಲಾಡದೆ ಹೋಗುತ್ತದೆ. ಭಾರ ಇರುವ ಹೊಸಬರಿಗೆ ಇದೇ ಸರಿ.

ಬಾಗು: ಮೂತಿಯಿಂದ ಬಾಲದವರೆಗೆ ಬೋರ್ಡ್ ಬಾಳೆಕಾಯಿಯಂತೆ ಸ್ವಲ್ಪ ಬಾಗಿರುತ್ತದೆ. ಬಾಗು ಹೆಚ್ಚಾದರೆ ವೇಗ ಕುಗ್ಗುತ್ತದೆ. ಬಾಗು ಕಡಿಮೆಯಿದ್ದು ಬಾಲ ಅಗಲವಾಗಿದ್ದರೆ ಹಿಂಗಾಲಿನ ಕೆಳಗೆ ಎತ್ತುಬಲ ಚೆನ್ನಾಗಿ ಸಿಗುತ್ತದೆ.

ಹಾಗಂತ ಎಲ್ಲಕ್ಕಿಂತ ದೊಡ್ಡದೇ ಒಳ್ಳೆಯದು ಅಂದುಕೊಳ್ಳಬೇಡಿ. ಅತಿ ದೊಡ್ಡ ಬೋರ್ಡ್ ತಿರುಗಲು ಸತಾಯಿಸುತ್ತದೆ. ಚಪ್ಪಲಿಯ ಹಾಗೆ, ಕಾಲಿಗೆ ತಕ್ಕದ್ದು ಬೇಕು.

ಬಿದ್ದ ಮೇಲೆ ಯಾರು ತೇಲುತ್ತಾರೆ?

ಈಗ ಒಂದು ಒಗಟು. 95 ಕೆ.ಜಿ.ಯವರಿಗೆ ದೊಡ್ಡ ಬೋರ್ಡ್ ಬೇಕು. ಹಾಗಾದರೆ ಲೈಫ್ ಜಾಕೆಟ್ಟಿಗೂ ಎರಡು ಪಟ್ಟು ಬಲ ಬೇಕೇ?

ಬೇಡ! ವಯಸ್ಕರ ಸಾಮಾನ್ಯ ಜಾಕೆಟ್ ಕೊಡುವ ಪ್ಲವನ ಬಲ ಸುಮಾರು 70 ನ್ಯೂಟನ್, ಅಂದರೆ 7 ಕೆ.ಜಿ. ಎತ್ತುವಷ್ಟು. ಅದೇ ಸಾಕಾಗುತ್ತದೆ. ಬೋರ್ಡಿನ ಮೇಲೆ ನಿಂತಾಗ ದೇಹ ಪೂರ್ತಿ ಗಾಳಿಯಲ್ಲಿರುತ್ತದೆ. ನೀರಿಗೆ ಬಿದ್ದಾಗ ದೇಹವೇ ನೀರನ್ನು ಸರಿಸುತ್ತದೆ. ಮನುಷ್ಯ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಕೊಬ್ಬಿನ ಸಾಂದ್ರತೆ ನೀರಿಗಿಂತ ಕಡಿಮೆ, ಸ್ನಾಯುವಿನದು ಸ್ವಲ್ಪ ಹೆಚ್ಚು. ಆದ್ದರಿಂದ ಕೊಬ್ಬು ಹೆಚ್ಚಿರುವವರು ನೀರಿನಲ್ಲಿ ಸುಲಭವಾಗಿಯೇ ತೇಲುತ್ತಾರೆ. ಸೊಲ್ಲಾಪುರ, ಜತ್ತ ಕಡೆ ಬಾವಿಯಲ್ಲಿ ಈಜು ಕಲಿಯುವಾಗ ಸೊಂಟಕ್ಕೆ ಒಣಗಿದ ಸೋರೆ ಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟುವುದುಂಟು. ಅಷ್ಟು ಚಿಕ್ಕದು ಸಾಕಾಗುವುದೂ ಇದೇ ಕಾರಣಕ್ಕೆ.

ಆದರೆ ತೇಲುವುದು ಬೇರೆ, ಈಜುವುದು ಬೇರೆ. ಯಾರೇ ಆಗಲಿ, ಎದೆಯ ಸುತ್ತಳತೆಗೆ ಸರಿಹೊಂದುವ ಜಾಕೆಟ್ ಹಾಕಲೇಬೇಕು. ಇನ್ನೊಂದು ಮಾತು. ಈ ಆಟದಲ್ಲಿ ಸವಾರ ದೋಣಿಗೆ ತೀರಾ ಹತ್ತಿರ ಇರುತ್ತಾನೆ. ಆದ್ದರಿಂದ ತಿರುಗುವ ಪ್ರೊಪೆಲ್ಲರ್ ದೋಣಿಯ ತಳದ ಅಡಿಯಲ್ಲಿ, ಹಿಂಬದಿಯ ಅಂಚಿನಿಂದ ಒಳಗೇ ಇರುವ ದೋಣಿಯಲ್ಲಿ ಮಾತ್ರ ಇದನ್ನು ಆಡಬೇಕು. ಹಿಂದಕ್ಕೆ ಪ್ರೊಪೆಲ್ಲರ್ ಚಾಚಿಕೊಂಡಿರುವ ದೋಣಿಯ ಬೆನ್ನಿಗೆ ಆಡುವುದು ಪ್ರಾಣಾಪಾಯ. ಎಳೆಯುವ ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೂ ಬಾರದು.

ಮಾಡಿ ನೋಡಿ

ಬೇಕಾದದ್ದು: ಅಗಲದ ಟಬ್, 2 ಸೆಂ.ಮೀ. ದಪ್ಪದ ಥರ್ಮೋಕೋಲ್, ದಾರ, ಸಣ್ಣ ಕಲ್ಲುಗಳು, ತಕ್ಕಡಿ.

1. 20×10 ಸೆಂ.ಮೀ. ಮತ್ತು 30×10 ಸೆಂ.ಮೀ. ಅಳತೆಯ ಎರಡು ತುಂಡು ಕತ್ತರಿಸಿ. ಗಾತ್ರ 400 ಮತ್ತು 600 ಘನ ಸೆಂ.ಮೀ. ಪ್ರತಿಯೊಂದೂ ಎಷ್ಟು ಗ್ರಾಂ ಹೊರುತ್ತದೆ ಎಂದು ಮೊದಲೇ ಊಹಿಸಿ ಬರೆಯಿರಿ.
2. ನಡುವಿನಿಂದ ಶುರುಮಾಡಿ ಒಂದೊಂದೇ ಕಲ್ಲು ಇಡುತ್ತಾ ಹೋಗಿ. ತುಂಡು ಮುಳುಗುವ ಹೊತ್ತಿಗೆ ನಿಲ್ಲಿಸಿ, ಕಲ್ಲುಗಳನ್ನು ತೂಗಿ.
3. ಎರಡೂ ತುಂಡಿನ ಮೇಲೆ 200 ಗ್ರಾಂ ಇಟ್ಟು ದಾರದಿಂದ ಒಂದೇ ವೇಗದಲ್ಲಿ ಎಳೆಯಿರಿ. ಯಾವುದು ಹೆಚ್ಚು ತಗ್ಗಿ ಹೋಗುತ್ತದೆ?
4. ಅದೇ ಕಲ್ಲನ್ನು ತುದಿಯಲ್ಲಿಟ್ಟು ನೋಡಿ. ಕಾಲು ಎಲ್ಲಿಡಬೇಕು ಎಂಬುದೂ ಏಕೆ ಮುಖ್ಯ ಅಂತ ಗೊತ್ತಾಗುತ್ತದೆ.

ಯೋಚಿಸಿ

1. 70 ಕೆ.ಜಿ.ಯವರಿಗೆ ಮೇಲಿನ ಎರಡೂ ಬೋರ್ಡುಗಳಲ್ಲಿ ಪ್ರತಿ ಚದರ ಸೆಂ.ಮೀ.ಗೆ ಎಷ್ಟು ಹೊರೆ?
2. ಒಂದು ಬೋರ್ಡಿನ ಉದ್ದ, ಅಗಲ, ದಪ್ಪ ಮೂರನ್ನೂ ಎರಡು ಪಟ್ಟು ಮಾಡಿದರೆ ವಿಸ್ತೀರ್ಣ ಎಷ್ಟು ಪಟ್ಟು? ಗಾತ್ರ ಎಷ್ಟು ಪಟ್ಟು?
3. ಉಪ್ಪುನೀರಿನಲ್ಲಿ ಅದೇ ಬೋರ್ಡ್ ಹೆಚ್ಚು ಹೊರುತ್ತದೆಯೇ, ಕಡಿಮೆಯೇ? ಏಕೆ?

ಆ ದಿನ ಮೂರನೇ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿದವನು, ಮೊದಲು ಪ್ರಶ್ನೆ ಕೇಳಿದ ಹುಡುಗನೇ. ಉತ್ತರ ಬರೆದು ಅಡಿಗೆರೆ ಎಳೆದು, "ಹಾಗಾದ್ರೆ ನಿಲ್ಲಬಹುದು ಸರ್, ಬೋರ್ಡ್ ಸರಿ ಇರ್ಬೇಕು ಅಷ್ಟೇ" ಅಂದ. ಈ ಸಲ ಯಾರೂ ನಗಲಿಲ್ಲ. ಹಿಂದಿನ ಬೆಂಚಿನವನು ಮಾತ್ರ, "ಸರ್, ಥರ್ಮೋಕೋಲ್ ನಾನು ತರ್ತೇನೆ" ಅಂದ.